ಗೋದಾಮಿನ ಲೆಕ್ಕ ನೋಡಿ ಭತ್ತ ಮಾರಿದ ನನ್ನ ಅನುಭವ

ಪಾಂಡವಪುರ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಎರಡೂವರೆ ಎಕರೆ ಗದ್ದೆಯಲ್ಲಿ ನಾನು ಭತ್ತ ಬೆಳೆಯುತ್ತೇನೆ. ನಾಗಮಂಗಲದ ಕಡೆಯ ಮೂರು ಎಕರೆ ಹೊಲದಲ್ಲಿ ಮಳೆಯಾಶ್ರಯದ ರಾಗಿ ಹಾಕುತ್ತೇನೆ. ಬಹಳ ವರ್ಷ ಒಕ್ಕಣೆ ಮುಗಿದ ವಾರದಲ್ಲೇ ದಲ್ಲಾಳಿ ಹೇಳಿದ ಬೆಲೆಗೆ ಭತ್ತ ತೂಗಿಸಿಬಿಡುತ್ತಿದ್ದೆ. ಬೆಲೆ ಏಕೆ ಇಳಿಯಿತೆಂದು ಕೇಳಿದರೆ ‘ಮೇಲಿನಿಂದಲೇ ಹಾಗೆ ಬಂದಿದೆ’ ಎಂಬ ಒಂದೇ ಉತ್ತರ. ಆ ‘ಮೇಲು’ ಎಲ್ಲಿದೆ ಎಂದು ಹುಡುಕಲು ಹೊರಟದ್ದು 2023ರ ಬರಗಾಲದಲ್ಲಿ.

ಆ ವರ್ಷ ನಮ್ಮ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) ತುಂಬಲಿಲ್ಲ. ಜೂನ್‌ನಲ್ಲಿ ಕೇಂದ್ರ ಸರ್ಕಾರವು ತನ್ನ ದಾಸ್ತಾನಿನ ಅಕ್ಕಿಯನ್ನು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಮಾರುವುದನ್ನು ನಿಲ್ಲಿಸಿತು. ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ನಿಷೇಧಿಸಿತು. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ ರಾಜ್ಯ ಸರ್ಕಾರವು ಕಿಲೋಗೆ 34 ರೂಪಾಯಿಯಂತೆ, ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿತು. ನಮ್ಮೂರಿನ ಕಾರ್ಡುದಾರರಲ್ಲಿ ಹಲವರು ಆ ಹಣದಲ್ಲಿ ಅಂಗಡಿಯ ಅಕ್ಕಿ ಕೊಂಡರು. ಗೋದಾಮಿನಿಂದ ಬರಬೇಕಿದ್ದ ಅಕ್ಕಿಯ ಜಾಗದಲ್ಲಿ ಗಿರಣಿಯ ಅಕ್ಕಿ ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಸರ್ಕಾರ ನನ್ನ ಭತ್ತವನ್ನು ಕೊಳ್ಳುತ್ತದೆಯೋ ಇಲ್ಲವೋ ಎಂಬುದಕ್ಕಿಂತ, ಅದು ಈಗಾಗಲೇ ಇಟ್ಟುಕೊಂಡಿರುವ ಅಕ್ಕಿಯನ್ನು ಯಾವಾಗ, ಎಷ್ಟಕ್ಕೆ ಬಿಡುತ್ತದೆ ಎಂಬುದೇ ನನ್ನ ಬೆಲೆಯನ್ನು ಹೆಚ್ಚು ಕಟ್ಟಿಹಾಕುತ್ತದೆ ಎಂದು ಆಗಲೇ ಅನ್ನಿಸಿತು. ಪಂಜಾಬಿನಂತೆ ನಮ್ಮಲ್ಲಿ ಭತ್ತದ ಬಹುಪಾಲನ್ನು ಸರ್ಕಾರ ಕೊಳ್ಳುವುದಿಲ್ಲ. ಹಾಗಾಗಿ ಖರೀದಿಯ ಆಸರೆ ನಮಗೆ ತೆಳು, ಬಿಡುಗಡೆಯ ಭಾರ ಮಾತ್ರ ಪೂರ್ತಿ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಭಾರತ ಆಹಾರ ನಿಗಮವು ಪ್ರತಿ ತಿಂಗಳ ಮೊದಲ ದಿನದ ದಾಸ್ತಾನನ್ನು ಪ್ರಕಟಿಸುತ್ತದೆ. ಅದನ್ನು ಒಂದು ಕಡೆ, ಆ ತ್ರೈಮಾಸಿಕಕ್ಕೆ ಇರಲೇಬೇಕಾದ ಕನಿಷ್ಠ ಪ್ರಮಾಣವನ್ನು ಇನ್ನೊಂದು ಕಡೆ ಬರೆಯುತ್ತೇನೆ. ಅಕ್ಕಿಗೆ ಈ ಕನಿಷ್ಠ ಜನವರಿ 1ಕ್ಕೆ 76.10 ಲಕ್ಷ ಟನ್, ಏಪ್ರಿಲ್ 1ಕ್ಕೆ 135.80, ಜುಲೈ 1ಕ್ಕೆ 135.40, ಅಕ್ಟೋಬರ್ 1ಕ್ಕೆ 102.50. ಮೂರನೆಯ ಅಂಕಣದಲ್ಲಿ ಮಂಡ್ಯ ಎಪಿಎಂಸಿಯ ಧಾರಣೆ.

ಮೊದಲ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದೆ. ಅಕ್ಕಿಯ ಸಾಲನ್ನಷ್ಟೇ ನೋಡಿ, ಅದರ ಕೆಳಗೆ ‘ಅಕ್ಕಿ ಮಾಡದ ಭತ್ತ’ ಎಂದಿದ್ದ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸರ್ಕಾರದ ಪರವಾಗಿ ಗಿರಣಿಗಳಲ್ಲಿರುವ ಆ ಭತ್ತದ ಕ್ವಿಂಟಾಲಿಗೆ 67 ಕಿಲೋ ಅಕ್ಕಿ ಬರುತ್ತದೆಂದು ಹಿಡಿದು ಕೂಡಿಸಬೇಕು. ಸುಗ್ಗಿ ಮುಗಿದ ತಿಂಗಳುಗಳಲ್ಲಿ ದಾಸ್ತಾನಿನ ದೊಡ್ಡ ಪಾಲು ಇರುವುದೇ ಅಲ್ಲಿ. ದಾಸ್ತಾನು ಅಷ್ಟೇನೂ ಹೆಚ್ಚಿಲ್ಲ, ಬೆಲೆ ಇನ್ನೂ ಏರುತ್ತದೆ ಎಂದು ಭಾವಿಸಿ ಹನ್ನೆರಡು ಮೂಟೆ ಹಿಡಿದಿಟ್ಟೆ. 2024ರ ಫೆಬ್ರುವರಿಯಲ್ಲಿ ಕೇಂದ್ರವು ಇದೇ ದಾಸ್ತಾನಿನಿಂದ ‘ಭಾರತ್ ಅಕ್ಕಿ’ಯನ್ನು ಕಿಲೋಗೆ 29 ರೂಪಾಯಿಯಂತೆ ಮಾರಾಟಕ್ಕೆ ಬಿಟ್ಟಿತು. ನನ್ನ ಮೂಟೆಗಳಿಗೆ ಕಾದ ಬೆಲೆ ಬರಲಿಲ್ಲ, ಒಣಗಿ ತೂಕವೂ ಇಳಿಯಿತು.

2024ರಲ್ಲಿ ಕಟ್ಟೆ ತುಂಬಿ ನಾಲೆಯಲ್ಲಿ ನೀರು ಹರಿಯಿತು, ಬೆಳೆ ಚೆನ್ನಾಗಿ ಬಂತು. ಸೆಪ್ಟೆಂಬರ್ ಕೊನೆಯಲ್ಲಿ ರಫ್ತಿನ ನಿಷೇಧ ತೆರವಾದಾಗ ಊರಿನಲ್ಲಿ ಎಲ್ಲರೂ ಯುಗಾದಿಯವರೆಗೆ ಕಾಯೋಣವೆಂದರು. ನನ್ನ ಪುಸ್ತಕ ಬೇರೆ ಹೇಳುತ್ತಿತ್ತು. ಭತ್ತವನ್ನೂ ಸೇರಿಸಿದರೆ ಅಕ್ಕಿಯ ದಾಸ್ತಾನು ಕನಿಷ್ಠ ಪ್ರಮಾಣದ ಹಲವು ಪಟ್ಟಾಗಿ, ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತಿತ್ತು. ಮುಂದೆ 2025ರ ಜನವರಿ 1ರ ಹೊತ್ತಿಗೆ ಅದು 600 ಲಕ್ಷ ಟನ್ ದಾಟಿತು. ಹೀಗೆ ಬೆಳೆಯುತ್ತಿದ್ದ ಅಕ್ಕಿಯನ್ನು ಇಟ್ಟುಕೊಳ್ಳುವುದೇ ಸರ್ಕಾರಕ್ಕೆ ಹೊರೆ, ಎಲ್ಲೋ ಒಂದು ಕಡೆ ಬಿಡಲೇಬೇಕು ಎಂದುಕೊಂಡು ಡಿಸೆಂಬರ್ ಮುಗಿಯುವ ಮೊದಲೇ ಮನೆಗೆ ಬೇಕಾದಷ್ಟನ್ನು ಉಳಿಸಿ ಉಳಿದದ್ದನ್ನು ಮಾರಿದೆ. ಜನವರಿಯಲ್ಲಿ ಕೇಂದ್ರವು ರಾಜ್ಯಗಳಿಗೆ ಮತ್ತೆ ಮಾರತೊಡಗಿದ್ದ ಅಕ್ಕಿಯ ದರವನ್ನು ಕ್ವಿಂಟಾಲಿಗೆ 2,800ರಿಂದ 2,250 ರೂಪಾಯಿಗೆ ಇಳಿಸಿತು. ಹಣದ ಬದಲು ಮತ್ತೆ ಅಕ್ಕಿಯನ್ನೇ ಕೊಡಲು ನಮ್ಮ ರಾಜ್ಯವೂ ನಿರ್ಧರಿಸಿತು.

ಈ 2,250ರ ಅರ್ಥವನ್ನು ಊರಿನವರಿಗೆ ಬಿಡಿಸಿ ಹೇಳಬೇಕಾಯಿತು. 2024-25ರ ಸಾಲಿನಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,300 ರೂಪಾಯಿ. ಆ ಬೆಲೆಗೆ ಭತ್ತ ಕೊಂಡವನಿಗೆ, ತೌಡು ಹೊಟ್ಟಿನಿಂದ ಗಿರಣಿಯ ಖರ್ಚು ಸರಿಹೋಯಿತೆಂದುಕೊಂಡರೂ, ಒಂದು ಕ್ವಿಂಟಾಲ್ ಅಕ್ಕಿ ಸುಮಾರು 3,430 ರೂಪಾಯಿಗೆ ಬೀಳುತ್ತದೆ. ಅದೇ ಬಗೆಯ ದಪ್ಪ ಅಕ್ಕಿ 2,250ಕ್ಕೆ ಹೊರಬಂದು ಪಡಿತರದಲ್ಲಿ ಉಚಿತವಾಗಿ ಮನೆ ಸೇರುವಾಗ, ಗಿರಣಿಯವನು ನನ್ನ ಭತ್ತಕ್ಕೆ 2,300 ಕೊಡಲೆಂದು ನಿರೀಕ್ಷಿಸುವುದು ಹೇಗೆ? ಬಡವರ ಮನೆಗೆ ಅಕ್ಕಿ ಹೋಗುವುದರ ಬಗ್ಗೆ ನನಗೆ ತಕರಾರಿಲ್ಲ, ನಮ್ಮ ಮನೆಯೂ ಅದನ್ನು ಉಂಡಿದೆ. ಆದರೆ ಬಿಡುಗಡೆಯ ದರ ಮತ್ತು ಕಾಲವನ್ನು ಸುಗ್ಗಿಗೆ ಮೊದಲೇ ತಿಳಿಸಿದರೆ ಬೆಳೆಗಾರ ಕಾಯಬೇಕೋ ಮಾರಬೇಕೋ ಎಂದು ತೀರ್ಮಾನಿಸಬಹುದು.

ರಾಗಿಯ ನಡೆ ಇದಕ್ಕೆ ತಿರುಗುಮುರುಗು. ಅದರಲ್ಲಿ ಸರ್ಕಾರವೇ ದೊಡ್ಡ ಕೊಳ್ಳುಗ, ಕೊಂಡದ್ದು ನಮ್ಮ ರಾಜ್ಯದ ಪಡಿತರಕ್ಕೇ ಹೋಗುತ್ತದೆ. ಕೊಯ್ಲು ಮುಗಿಯುವ ಹೊತ್ತಿಗೂ ಖರೀದಿ ಕೇಂದ್ರ ತೆರೆಯುವ ಹೊತ್ತಿಗೂ ನಡುವೆ ಇರುವ ವಾರಗಳಲ್ಲಿ ಬೆಲೆ ಬೀಳುತ್ತದೆ, ಕೇಂದ್ರ ತೆರೆದ ಮೇಲೆ ವರ್ತಕರೂ ದರ ಏರಿಸುತ್ತಾರೆ. ಹಿಂದೊಮ್ಮೆ ನೋಂದಣಿಗೆ ತಡವಾಗಿ ಹೋಗಿ, ಕೇಂದ್ರದ ಬಾಗಿಲಿನಿಂದ ಹಿಂದಿರುಗಿ, ಬೆಂಬಲ ಬೆಲೆಗಿಂತ ಬಹಳ ಕಡಿಮೆಗೆ ಮಾರಿದ್ದೆ. ಈಗ ಫ್ರೂಟ್ಸ್ ಸಂಖ್ಯೆ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ), ಪಹಣಿಯಲ್ಲಿನ ಬೆಳೆ ನಮೂದು ಸರಿಯಾಗಿವೆಯೇ ಎಂದು ಕೊಯ್ಲಿಗೆ ಮೊದಲೇ ನೋಡಿಕೊಳ್ಳುತ್ತೇನೆ. ತೇವಾಂಶ ಶೇ 12ರೊಳಗೆ ಬರುವವರೆಗೆ ಒಣಗಿಸುತ್ತೇನೆ. ಅಜ್ಜನ ಕಾಲದಲ್ಲಿ ನೆಲದೊಳಗಿನ ಕಣಜವಾದ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದ ಕಾಳು ಅದು, ಎರಡು ತಿಂಗಳು ಕಾಯಲು ಹೆದರಬೇಕಿಲ್ಲ.

2025ರ ಮುಂಗಾರಿನಲ್ಲಿ ನಾಟಿಗೆ ಮುನ್ನ ಮತ್ತೆ ನೋಟ್‌ಬುಕ್ ತೆರೆದಾಗ ದಾಸ್ತಾನು ಇಳಿದಿರಲಿಲ್ಲ. ಗೋದಾಮಿನ ದಪ್ಪ ಅಕ್ಕಿಯೊಂದಿಗೆ ನೇರವಾಗಿ ಸೆಣಸುವ ಎಂಟಿಯು-1001 ತಳಿಯನ್ನು ಒಂದು ಎಕರೆಗೆ ಇಳಿಸಿ, ಉಳಿದ ಒಂದೂವರೆ ಎಕರೆಗೆ ಸಣ್ಣ ಅಕ್ಕಿಯ ಆರ್‌ಎನ್‌ಆರ್-15048 ತಳಿಯ ಒಟ್ಟಲು (ಸಸಿಮಡಿ) ಹಾಕಿಸಿದೆ.