ಲ್ಯಾಕ್ಟೋಮೀಟರ್ ಹಿಡಿದು ಮತ್ತೆ ಓದಿದ ಕೆಮಿಸ್ಟ್ರಿ, ಫಿಸಿಕ್ಸ್, ಸ್ಟಾಟಿಸ್ಟಿಕ್ಸ್

ಬಿಎಸ್‌ಸಿ ಮುಗಿಸಿ ಹತ್ತು ವರ್ಷ ಆದ ಮೇಲೆ ಮತ್ತೆ ಪರೀಕ್ಷೆಗೆ ಕೂತವಳು ನಾನು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್ ಕೆಲಸ. ಬೆಳಗ್ಗೆ ಎರಡು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು ಹಾಲು ಅಳೆಯೋದು, ಲ್ಯಾಕ್ಟೋಮೀಟರ್ ತೇಲಿಬಿಟ್ಟು ಹಾಲಿನ ಗಟ್ಟಿತನದ ಡಿಗ್ರಿ ನೋಡೋದು, ಫ್ಯಾಟ್ ಬರೆಯೋದು. ಮಧ್ಯದಲ್ಲಿ ಮನೆ, ಎರಡು ಹಸು, ಮಗನ ಸ್ಕೂಲು. ಲ್ಯಾಬ್ ಅಸಿಸ್ಟೆಂಟ್ ಹುದ್ದೆಗೆ ಕರೆದಾಗ ಅರ್ಜಿ ಹಾಕಿದೆ. ಪೇಪರಿನಲ್ಲಿ ಕೆಮಿಸ್ಟ್ರಿ ಮತ್ತು ಫಿಸಿಕ್ಸ್ ಜಾಸ್ತಿ, ಜೊತೆಗೆ ಒಂದಷ್ಟು ಸ್ಟಾಟಿಸ್ಟಿಕ್ಸ್. ಮೊದಲ ಸಲ ಫೇಲಾದೆ. ಎರಡನೇ ಸಲ ಪಾಸಾದೆ. ಪುಸ್ತಕಗಳು ಅವೇ, ಓದುವ ಸಮಯವೂ ಅಷ್ಟೇ. ಓದಿದ ರೀತಿ ಮಾತ್ರ ಬೇರೆ. ನನ್ನ ಹಾಗೆ ಕೆಲಸ ಮಾಡುತ್ತಾ ಓದುವವರು ನಮ್ಮ ಕಡೆ ತುಂಬ ಜನ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಒಂದು ಕೋಚಿಂಗ್‌ಗೆ ಸೇರಿದ್ದೆ. ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿಸಿಕೊಂಡು ಜೆರಾಕ್ಸ್ ನೋಟ್ಸ್ ಕೊಟ್ಟರು. ನಾನು ರಾತ್ರಿ ಕೂತು ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ಒಂದು ದ್ರವದ ಸಾಪೇಕ್ಷ ಸಾಂದ್ರತೆ 1.03, ಅದರ 500 ಮಿಲಿಲೀಟರ್ ತೂಕ ಎಷ್ಟು? ನನಗೆ ಹೊಳೆಯಲಿಲ್ಲ. ಭಾಗಿಸಬೇಕಾ, ಗುಣಿಸಬೇಕಾ, ಕೆಜಿಗೆ ತರಬೇಕಾ ಅಂತ ಐದು ನಿಮಿಷ ಕಳೆದು, ಯಾವುದೋ ಒಂದಕ್ಕೆ ಗುರುತು ಹಾಕಿ ಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ತಟ್ಟನೆ ಅರ್ಥವಾಯಿತು. ಆ 1.03 ನಾನು ದಿನಾ ನೋಡುವ ಹಾಲಿನ ಡಿಗ್ರಿ! ಲ್ಯಾಕ್ಟೋಮೀಟರ್ 30 ತೋರಿಸಿದರೆ 1.030 ಅಂತ ಅರ್ಥ. ಒಂದು ಮಿಲಿಲೀಟರ್ ಹಾಲು 1.03 ಗ್ರಾಂ ತೂಗುತ್ತದೆ, 500 ಮಿಲಿಲೀಟರ್ ಆದರೆ 515 ಗ್ರಾಂ. ಹಿಂದಿನ ದಿನ ಸಂಜೆ ತಾನೇ ಊರಿನವರ ಹಾಲಿಗೆಲ್ಲ ನಾನೇ ಲ್ಯಾಕ್ಟೋಮೀಟರ್ ಬಿಟ್ಟಿದ್ದೆ. ತುಂಬ ನೋವಾಯಿತು. ಆದರೆ ಎರಡನೇ ಸಲದ ತಯಾರಿ ಶುರುವಾದದ್ದು ಆ ಬಸ್ಸಿನಲ್ಲೇ.

ಮನೆಗೆ ಬಂದು ಒಂದು ಹೊಸ ನೋಟ್‌ಬುಕ್ ತೆಗೆದುಕೊಂಡೆ. ಯಾವ ಪಾಠ ಓದಿದರೂ, ಅದು ನನ್ನ ಕೈಗೆ ಸಿಕ್ಕುವ ಯಾವ ವಸ್ತುವಿನಲ್ಲಿದೆ ಅಂತ ಮೊದಲು ಬರೆಯಬೇಕು. ಆಮೇಲೆ ಅದರದ್ದೇ ಒಂದು ಲೆಕ್ಕ ಮಾಡಬೇಕು. ಸೂತ್ರ ಕೊನೆಗೆ.

ಸಾಂದ್ರತೆಯ ಪಾಠಕ್ಕೆ ಲ್ಯಾಕ್ಟೋಮೀಟರೇ ಸಾಕಾಯಿತು. ಅದು ತೇಲೋದು ಆರ್ಕಿಮಿಡೀಸ್ ತತ್ವದಿಂದ. ದ್ರವ ಗಟ್ಟಿಯಿದ್ದಷ್ಟೂ ಸ್ವಲ್ಪವೇ ಮುಳುಗಿದರೂ ಅದರ ತೂಕ ಹೊರಲು ಸಾಲುತ್ತದೆ, ಹಾಗಾಗಿ ಮೇಲೆ ನಿಲ್ಲುತ್ತದೆ. ನೀರು ಬೆರೆಸಿದರೆ ಕೆಳಗಿಳಿಯುತ್ತದೆ. 30 ಇರಬೇಕಾದ ಹಾಲು 24 ತೋರಿಸಿದರೆ? 24 ಭಾಗ 30, ಅಂದರೆ 0.8. ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ನೀರು. ಮಿಶ್ರಣದ ಲೆಕ್ಕ ಅಂದರೆ ಇಷ್ಟೇ ಅಲ್ವಾ. ಇನ್ನೂ ಒಂದು ವಿಷಯ ಇದರಲ್ಲಿದೆ. ಕೊಬ್ಬು ನೀರಿಗಿಂತ ಹಗುರ, ಹಾಲಿನ ಕೆನೆ ತೆಗೆದರೆ ಉಳಿದ ಹಾಲಿನ ಡಿಗ್ರಿ ಏರುತ್ತದೆ. ಆಮೇಲೆ ಅಳತೆ ನೋಡಿ ನೀರು ಹಾಕಿದರೆ ಡಿಗ್ರಿ ಮತ್ತೆ ಸರಿಯಾಗೇ ಬರುತ್ತದೆ! ಅದಕ್ಕೇ ಡಿಗ್ರಿ ಜೊತೆಗೆ ಫ್ಯಾಟ್ ಕೂಡ ನೋಡಲೇಬೇಕು. ಒಂದೇ ಅಳತೆಯಿಂದ ಎರಡು ಗೊತ್ತಿಲ್ಲದ ಸಂಖ್ಯೆ ಕಂಡುಹಿಡಿಯೋಕೆ ಆಗಲ್ಲ ಅನ್ನೋದನ್ನು ಬೀಜಗಣಿತದಲ್ಲಿ ಓದಿದ್ದೆ, ಆದರೆ ಮನಸ್ಸಿಗೆ ಇಳಿದದ್ದು ಈಗ.

ಬಿಸಿಯ ವಿಷಯವೂ ಹಾಗೆಯೇ. ಆಗ ತಾನೇ ಕರೆದು ತಂದ ಹಾಲು ಬೆಚ್ಚಗಿರುತ್ತದೆ, ಹಿಗ್ಗಿರುತ್ತದೆ, ಡಿಗ್ರಿ ಕಡಿಮೆ ತೋರಿಸುತ್ತದೆ. ತಾಪಮಾನ ನೋಡಿ ಸರಿಪಡಿಸದೆ ಬರೆದರೆ ಪಾಪ, ಹತ್ತಿರದ ಮನೆಯಿಂದ ಬೇಗ ತಂದವರಿಗೇ ಅನ್ಯಾಯ. ಉಷ್ಣದಿಂದ ಹಿಗ್ಗುವಿಕೆ ಅಂತ ಪುಸ್ತಕದಲ್ಲಿ ರೈಲು ಹಳಿಯ ಚಿತ್ರ ಇತ್ತು. ನನಗೆ ನೆನಪು ಉಳಿದದ್ದು ಹಾಲಿನಿಂದ.

ಕೆಮಿಸ್ಟ್ರಿಯಲ್ಲಿ ನನಗೆ ಕಷ್ಟ ಆಗಿದ್ದು ಮೋಲ್. 6.022 ಗುಣಿಸು 10ರ ಘಾತ 23 ಅನ್ನೋ ಸಂಖ್ಯೆ ಬಾಯಿಗೆ ಬರುತ್ತಿತ್ತು, ಯಾಕೆ ಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ. ನಮ್ಮತ್ತೆ ರಾಗಿ ಅಳೆಯುವುದನ್ನು ನೋಡುತ್ತಾ ಕೂತಿದ್ದಾಗ ಹೊಳೆಯಿತು. ರಾಗಿ ಕಾಳನ್ನು ಯಾರೂ ಎಣಿಸಲ್ಲ, ಸೇರಿನಲ್ಲಿ ಅಳೆಯುತ್ತಾರೆ. ಒಂದು ಸೇರು ರಾಗಿಯ ತೂಕ ಬೇರೆ, ಒಂದು ಸೇರು ಅವರೆಯ ತೂಕ ಬೇರೆ. ಮೋಲ್ ಕೂಡ ಅಣುಗಳ ಅಳತೆ. ಒಂದೇ ವ್ಯತ್ಯಾಸ, ಸೇರಿನಲ್ಲಿ ಜಾಗ ಸಮ, ಮೋಲ್‌ನಲ್ಲಿ ಎಣಿಕೆ ಸಮ. ನೀರಿನ ಒಂದು ಮೋಲ್ 18 ಗ್ರಾಂ, ಕಾಸ್ಟಿಕ್ ಸೋಡಾದ ಒಂದು ಮೋಲ್ 40 ಗ್ರಾಂ, ಸಲ್ಫ್ಯೂರಿಕ್ ಆಸಿಡ್‌ದು 98 ಗ್ರಾಂ. ತೂಕ ಏನೇ ಇರಲಿ, ಕಣಗಳ ಎಣಿಕೆ ಒಂದೇ. ಇದು ತಲೆಗೆ ಹೋದ ಮೇಲೆ ಮೊಲಾರಿಟಿಗೆ, ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನೋ ಲೆಕ್ಕಕ್ಕೆ, ಒಂದು ವಾರವೂ ಬೇಕಾಗಲಿಲ್ಲ. 4 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಒಂದು ಲೀಟರ್ ಮಾಡಿದರೆ 0.1 ಮೊಲಾರ್. ಒಂದು ಲೀಟರ್ ನೀರಿಗೆ ಹಾಕೋದಲ್ಲ, ಕರಗಿಸಿ ಒಟ್ಟು ಒಂದು ಲೀಟರ್ ಆಗುವಷ್ಟು ನೀರು ಸೇರಿಸೋದು. ಈ ಒಂದು ಮಾತಿನಲ್ಲಿ ಎಷ್ಟೋ ಜನ ಎಡವುತ್ತಾರೆ.

ನನಗೆ ಅತಿ ಖುಷಿ ಕೊಟ್ಟ ಲೆಕ್ಕ ಒಂದಿದೆ. ಹಾಲಿನ ಹುಳಿ ಅಳೆಯೋಕೆ ಎನ್ ಭಾಗ 9 (N/9, ನಾರ್ಮಲ್ ದ್ರಾವಣದ ಒಂಬತ್ತನೇ ಒಂದರಷ್ಟು ಸಾಂದ್ರತೆಯ) ಕಾಸ್ಟಿಕ್ ಸೋಡಾ ದ್ರಾವಣ ಬಳಸುತ್ತಾರೆ. ಟ್ರೈನಿಂಗ್‌ನಲ್ಲಿ ಅದನ್ನು ಸುಮ್ನೆ ಬರೆದುಕೊಂಡಿದ್ದೆ. 10 ಅಲ್ಲ, 8 ಅಲ್ಲ, 9 ಯಾಕೆ? ಲ್ಯಾಕ್ಟಿಕ್ ಆಸಿಡ್‌ನ ಈಕ್ವಿವಲೆಂಟ್ ತೂಕ 90, ಅಂದರೆ ಒಂದು ಲೀಟರ್ ನಾರ್ಮಲ್ ಸೋಡಾ ದ್ರಾವಣ 90 ಗ್ರಾಂ ಲ್ಯಾಕ್ಟಿಕ್ ಆಸಿಡ್ಡಿಗೆ ಸಮ. ಅದನ್ನು 9ರಿಂದ ಭಾಗಿಸಿದರೆ ಲೀಟರಿಗೆ 10 ಗ್ರಾಂ, ಅಂದರೆ ಒಂದು ಮಿಲಿಲೀಟರಿಗೆ ಸರಿಯಾಗಿ 0.01 ಗ್ರಾಂ. 10 ಮಿಲಿಲೀಟರ್ ಹಾಲಿಗೆ ಫಿನಾಫ್ತಲೀನ್ ಎರಡು ಹನಿ ಹಾಕಿ, ತೆಳು ಗುಲಾಬಿ ಬಣ್ಣ ಬರೋವರೆಗೆ ಬ್ಯೂರೆಟ್ ಬಿಟ್ಟು, 1.4 ಮಿಲಿಲೀಟರ್ ಖರ್ಚಾದರೆ ಹುಳಿ ಶೇ. 0.14. ಬೇರೆ ಲೆಕ್ಕವೇ ಬೇಡ! ಯಾರೋ ಕೆಲಸ ಮಾಡುವವರಿಗೆ ಅನುಕೂಲ ಆಗಲಿ ಅಂತ ಯೋಚಿಸಿ ಆ 9ನ್ನು ಆರಿಸಿದ್ದಾರೆ. ಅದು ಗೊತ್ತಾದ ದಿನ ನಾರ್ಮಾಲಿಟಿಯ ಹೆದರಿಕೆ ಹೋಯಿತು.

ಪಿಎಚ್‌ಗೂ ಹಾಲೇ ಆಧಾರ. ಪಿಎಚ್ ಅಂದರೆ ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಹಾಲು ಸುಮಾರು 6.6, ಮೊಸರು ಸುಮಾರು 4.6. ವ್ಯತ್ಯಾಸ ಎರಡೇ ಅಲ್ವಾ ಅಂದುಕೊಳ್ಳಬಾರದು, ಒಂದೊಂದು ಅಂಕಿಗೂ ಹತ್ತು ಪಟ್ಟು, ಹಾಗಾಗಿ ಹೈಡ್ರೋಜನ್ ಅಯಾನಿನ ಪ್ರಮಾಣ ನೂರು ಪಟ್ಟು ಏರಿರುತ್ತದೆ. ಪಿಪಿಎಂಗೆ ನಮ್ಮ ಕೊಳವೆಬಾವಿ ನೀರು ಇದೆ, ನೀರಿನಲ್ಲಿ ಒಂದು ಪಿಪಿಎಂ ಅಂದರೆ ಲೀಟರಿಗೆ ಸುಮಾರು 1 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5. ಕೋಲಾರದ ಕಡೆಯವರಿಗೆ ಈ ಸಂಖ್ಯೆ ಮರೆಯೋಕೆ ಆಗಲ್ಲ. ಹಲ್ಲಿನ ಮೇಲೆ ಕಂದು ಕಲೆ ಇರುವ ಮಕ್ಕಳನ್ನು ನೋಡಿಕೊಂಡೇ ಬೆಳೆದವರು ನಾವು.

ಫಿಸಿಕ್ಸ್‌ಗೆ ಬೋರ್‌ವೆಲ್ ಹಿಡಿದುಕೊಂಡೆ. ಸಾವಿರ ಅಡಿ ಅಂದರೆ ಸುಮಾರು 300 ಮೀಟರ್. ಅಲ್ಲಿಂದ ಸೆಕೆಂಡಿಗೆ ಒಂದು ಲೀಟರ್ ನೀರು ಎತ್ತಬೇಕು. 1 ಕೆಜಿ, ಗುರುತ್ವದ 9.8, 300 ಮೀಟರ್ ಗುಣಿಸಿದರೆ 2940 ಜೌಲ್. ಸೆಕೆಂಡಿಗೆ ಅಷ್ಟು, ಹಾಗಾಗಿ 2940 ವ್ಯಾಟ್. ಒಂದು ಎಚ್‌ಪಿ 746 ವ್ಯಾಟ್, ಭಾಗಿಸಿದರೆ ಹತ್ತಿರ ಹತ್ತಿರ 4 ಎಚ್‌ಪಿ. ಆದರೆ ತೋಟದಲ್ಲಿ ಅಷ್ಟು ಆಳಕ್ಕೆ 4 ಎಚ್‌ಪಿ ಮೋಟಾರ್ ಇಳಿಸಿದರೆ ಅಷ್ಟು ನೀರು ಮೇಲೆ ಬರಲ್ಲ. ಪಂಪ್‌ನಲ್ಲಿ, ಪೈಪ್‌ನಲ್ಲಿ, ವೈರ್‌ನಲ್ಲಿ ಶಕ್ತಿ ಹೋಗುತ್ತದೆ, ದಕ್ಷತೆ ಅರ್ಧದ ಆಸುಪಾಸು ಅಂದುಕೊಂಡರೆ ಏಳೆಂಟು ಎಚ್‌ಪಿ ಬೇಕು. ಕೆಲಸ, ಶಕ್ತಿ, ಸಾಮರ್ಥ್ಯ, ದಕ್ಷತೆ ನಾಲ್ಕೂ ಈ ಒಂದೇ ಲೆಕ್ಕದಲ್ಲಿ ಬಂದವು. ಮೋಟಾರನ್ನು ನೀರಿನೊಳಗೇ ಯಾಕೆ ಇಳಿಸಬೇಕು, ಮೇಲಿಟ್ಟು ಎಳೆಯೋಕೆ ಆಗಲ್ವಾ ಅಂತ ಮಗ ಕೇಳಿದ. ಮೇಲಿಂದ ಎಳೆಯುವ ಪಂಪ್‌ಗೆ ನೀರನ್ನು ತಳ್ಳಿಕೊಡೋದು ಹೊರಗಿನ ಗಾಳಿಯ ಒತ್ತಡ, ಆ ಒತ್ತಡ ಹೊರೋದು ಸುಮಾರು 10 ಮೀಟರ್ ನೀರನ್ನಷ್ಟೇ. ಅವನಿಗೆ ಹೇಳುತ್ತಾ ಹೇಳುತ್ತಾ ನನಗೇ ಪಾಠ ಗಟ್ಟಿಯಾಯಿತು.

ಸೆಂಟ್ರಿಫ್ಯೂಜ್‌ನ ಲೆಕ್ಕವನ್ನೂ ಹೀಗೇ ಮಾಡಿದೆ. ಹಾಲಿನ ಫ್ಯಾಟ್ ಅಳೆಯುವ ಗರ್ಬರ್ ವಿಧಾನದಲ್ಲಿ ಫ್ಯಾಟ್ ಬೇರೆ ಮಾಡೋಕೆ ಈ ಯಂತ್ರದಲ್ಲಿ ಹಾಲನ್ನು ನಿಮಿಷಕ್ಕೆ ಸುಮಾರು 1100 ಸುತ್ತು ತಿರುಗಿಸುತ್ತಾರೆ. ತ್ರಿಜ್ಯ ಕಾಲು ಮೀಟರ್ ಅಂತ ಇಟ್ಟುಕೊಂಡರೆ ಹಾಲಿನ ಮೇಲೆ ಗುರುತ್ವದ ಸುಮಾರು 340 ಪಟ್ಟು ಬಲ ಬರುತ್ತದೆ. ನಿಮಿಷದ ಸುತ್ತನ್ನು ಸೆಕೆಂಡಿನ ರೇಡಿಯನ್‌ಗೆ ಬದಲಾಯಿಸೋದನ್ನು ಮೂರು ಸಲ ತಪ್ಪು ಮಾಡಿ ನಾಲ್ಕನೇ ಸಲ ಸರಿ ಮಾಡಿದೆ.

ಸ್ಟಾಟಿಸ್ಟಿಕ್ಸ್ ಕಲಿಸಿದ್ದು ಟೊಮೆಟೊ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ 2000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ನಾನು ಏಳು ಕೊಯ್ಲಿನ ಬೆಲೆ ಬರೆದುಕೊಂಡು ಲೆಕ್ಕ ಮಾಡಿದೆ: 200, 250, 300, 300, 400, 1100, 2000. ಸರಾಸರಿ 650, ಮಧ್ಯಾಂಕ (ಸಾಲಿನ ನಡುವಿನ ಬೆಲೆ) 300, ಬಹುಲಕವೂ (ಹೆಚ್ಚು ಸಲ ಬಂದ ಬೆಲೆ) 300. ರೈತನ ಕೈಗೆ ಸಾಮಾನ್ಯವಾಗಿ ಸಿಕ್ಕಿದ್ದು 300, ಪೇಪರಿನಲ್ಲಿ ಓದುವವರಿಗೆ ಕಾಣೋದು 650. ಕೊನೆಯ ಒಂದೆರಡು ಬೆಲೆ ಸರಾಸರಿಯನ್ನು ಎಳೆದುಕೊಂಡು ಹೋಗಿಬಿಡುತ್ತವೆ. ಇನ್ನೊಂದು ಮುಖ್ಯ ವಿಷಯ, ಬಾಕ್ಸ್ ಎಷ್ಟು ಅನ್ನೋದು. 2000 ಇದ್ದ ದಿನ 10 ಬಾಕ್ಸ್, 300 ಇದ್ದ ದಿನ 100 ಬಾಕ್ಸ್ ಹೋಗಿದ್ದರೆ ಬಾಕ್ಸಿಗೆ ಬಿದ್ದದ್ದು 1150 ಅಲ್ಲ, 454 ರೂಪಾಯಿ ಚಿಲ್ಲರೆ. ತೂಕದ ಸರಾಸರಿ (ವೆಯ್ಟೆಡ್ ಆವರೇಜ್) ಅಂದರೆ ಇದೇ.

ಮಾನಕ ವಿಚಲನೆಗೆ, ಅಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದಕ್ಕೆ, ಎರಡು ಹಸು. ಒಂದರ ಫ್ಯಾಟ್ ಮೂರು ದಿನ 3.4, 3.5, 3.6. ಇನ್ನೊಂದರದ್ದು 2.5, 3.5, 4.5. ಎರಡರ ಸರಾಸರಿಯೂ 3.5. ಮೊದಲನೆಯದರ ವಿಚಲನೆ 0.1, ಎರಡನೆಯದರದ್ದು 1. ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗ ಕೂಡಿ, ಭಾಗಿಸಿ, ವರ್ಗಮೂಲ ತೆಗೆಯಬೇಕು. ಇಲ್ಲಿ 3ರಿಂದ ಭಾಗಿಸದೆ 2ರಿಂದ ಯಾಕೆ ಭಾಗಿಸಿದೆ ಅನ್ನೋದು ನನ್ನನ್ನು ಬಹಳ ದಿನ ಕಾಡಿತು. ಸರಾಸರಿಯಿಂದ ಇರುವ ವ್ಯತ್ಯಾಸಗಳನ್ನು ಕೂಡಿದರೆ ಯಾವಾಗಲೂ ಸೊನ್ನೆ. ಎರಡು ಗೊತ್ತಾದರೆ ಮೂರನೆಯದು ತಾನೇ ಗೊತ್ತಾಗುತ್ತದೆ, ಅದು ಹೊಸದೇನೂ ಹೇಳಲ್ಲ. ಹಾಗಾಗಿ ನಿಜವಾದ ಮಾಹಿತಿ ಎರಡೇ. ಬರೀ ಮೂರು ದಿನದ ಸ್ಯಾಂಪಲ್ ಹಿಡಿದು ಹಸುವಿನ ಬಗ್ಗೆ ಅಂದಾಜು ಮಾಡುವಾಗ 2, ಇರುವ ದಿನಗಳೇ ಅಷ್ಟು ಅಂದಾಗ 3.

ಇಷ್ಟೆಲ್ಲ ಓದಲು ನನಗೆ ಸಿಗುತ್ತಿದ್ದದ್ದು ಮಧ್ಯಾಹ್ನದ ಒಂದೂವರೆ ಗಂಟೆ. ಮೊದಲು 8, 9, 10ನೇ ತರಗತಿಯ ಪುಸ್ತಕ, ಆಮೇಲೆ ಪಿಯುಸಿ ಪುಸ್ತಕ. ಹೈಸ್ಕೂಲ್ ಪುಸ್ತಕ ಓದೋಕೆ ನಾಚಿಕೆ ಪಡಬೇಡಿ, ಬುನಾದಿ ಇರೋದು ಅಲ್ಲೇ. ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯುತ್ತಿದ್ದೆ. ಮೊದಮೊದಲು ನಾಲ್ಕು ಸಾಲು ಬಂದರೆ ಹೆಚ್ಚು. ಮೂರನೇ ದಿನ ಮತ್ತೆ, ಹತ್ತನೇ ದಿನ ಮತ್ತೆ. ಅದೇ ಪಾಠವನ್ನು ನಾಲ್ಕು ಸಲ ಓದೋದಕ್ಕಿಂತ ಇದು ಕಷ್ಟ, ಆದರೆ ಉಳಿಯೋದು ಇದೇ. ತಪ್ಪುಗಳಿಗೆ ಬೇರೆ ನೋಟ್‌ಬುಕ್ ಇಟ್ಟಿದ್ದೆ. ಪ್ರತಿ ತಪ್ಪಿನ ಪಕ್ಕ ಯಾಕೆ ತಪ್ಪಾಯಿತು ಅಂತ ಬರೆಯೋದು: ಗೊತ್ತಿರಲಿಲ್ಲ, ಮರೆತೆ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಯೂನಿಟ್ ತಪ್ಪು. ಒಂದು ತಿಂಗಳಾದ ಮೇಲೆ ತಿರುಗಿಸಿ ನೋಡಿದರೆ ಅರ್ಧಕ್ಕೂ ಜಾಸ್ತಿ ಯೂನಿಟ್ ತಪ್ಪುಗಳೇ. ಅಲ್ಲಿಂದ ಮುಂದೆ ಲೆಕ್ಕದ ಪ್ರತಿ ಸಾಲಿನಲ್ಲೂ ಸಂಖ್ಯೆಯ ಪಕ್ಕ ಗ್ರಾಂ, ಮಿಲಿಲೀಟರ್, ಸೆಕೆಂಡ್ ಬರೆಯದೆ ಬಿಡಲಿಲ್ಲ. ಯೂನಿಟ್ ಸರಿಹೋದರೆ ಗುಣಿಸಬೇಕಾ ಭಾಗಿಸಬೇಕಾ ಅನ್ನೋದು ತಾನಾಗೇ ಗೊತ್ತಾಗುತ್ತದೆ. ಮೊದಲ ಸಲ ನನ್ನನ್ನು ಬೀಳಿಸಿದ್ದು ಅದೇ ಅಲ್ವಾ.

ಎಲ್ಲವೂ ಹೀಗೆ ಕೈಗೆ ಸಿಗಲಿಲ್ಲ. ಪರಮಾಣುವಿನ ಆರ್ಬಿಟಲ್‌ಗಳಿಗೆ ಯಾವ ವಸ್ತುವೂ ಸಿಗಲಿಲ್ಲ, ಅದನ್ನು ಚಿತ್ರ ಬರೆದು ಬರೆದು ಬಾಯಿಪಾಠವೇ ಮಾಡಿದೆ. ವಿದ್ಯುತ್ಕಾಂತೀಯ ಪ್ರೇರಣೆ (ತಂತಿ ಸುರುಳಿಯಲ್ಲಿ ಕಾಂತಕ್ಷೇತ್ರ ಬದಲಾದಾಗ ವಿದ್ಯುತ್ ಹುಟ್ಟೋದು) ಪರೀಕ್ಷೆಯ ದಿನದವರೆಗೂ ಅರೆಬರೆ. ಫಲಿತಾಂಶ ಬಂದ ಮೇಲೆ ಪಕ್ಕದ ಮನೆಯ ಹುಡುಗಿ, ಎರಡನೇ ಪಿಯುಸಿ ಓದುವವಳು, ಅದೇ ಪಾಠ ಹಿಡಿದುಕೊಂಡು ಬಂದಳು. "ಅಕ್ಕಾ, ಇದಕ್ಕೆ ಏನು ಇಟ್ಕೊಂಡು ಓದಿದ್ರಿ?" ಅಂದಳು. ಏನೂ ಇರಲಿಲ್ಲ ಕಣೇ ಅಂದೆ. ಆಮೇಲೆ ಇಬ್ಬರೂ ಶ್ರೀನಿವಾಸಪುರಕ್ಕೆ ಹೋಗಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತೆವು. ಸುಟ್ಟ ಮೋಟಾರಿನ ಹಳೆ ತಾಮ್ರದ ತಂತಿ ಬಿಚ್ಚಿ, ಹೊಸದನ್ನು ಸುತ್ತು ಎಣಿಸಿ ಎಣಿಸಿ ಸುತ್ತುತ್ತಿದ್ದರು. ಸುತ್ತು ಕಡಿಮೆಯಾದರೆ ಏನಾಗುತ್ತೆ ಅಣ್ಣಾ ಅಂತ ಅವಳು ಕೇಳಿದಳು. "ಕರೆಂಟ್ ಜಾಸ್ತಿ ಎಳೆಯುತ್ತಮ್ಮಾ, ಮತ್ತೆ ಸುಟ್ಟೋಗುತ್ತೆ" ಅಂದರು. ಅವಳು ಅಲ್ಲೇ ನಿಂತು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ಯಾಕೆ ಹಾಗೆ ಅಂತ ಬಸ್ಸಿನಲ್ಲಿ ಊರು ಬರೋವರೆಗೂ ಇಬ್ಬರೂ ಲೆಕ್ಕ ಹಾಕಿದೆವು.