ಯಾವ ಲೆನ್ಸ್ ಎಂದು ಕೇಳುವ ಮುನ್ನ ರಟ್ಟಿನ ಕಿಂಡಿಯಲ್ಲಿ ನೋಡಿ

ಕಳೆದ ವರ್ಷ ಮಳೆ ಬಿಟ್ಟ ಒಂದು ಬೆಳಿಗ್ಗೆ ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ ದಾವಣಗೆರೆಯಿಂದ ಬಂದಿದ್ದ ಒಬ್ಬ ಯುವಕ ಹೊಸ ವೈಡ್ ಆ್ಯಂಗಲ್ (ಅಗಲ ನೋಟದ) ಲೆನ್ಸ್ ಹಾಕಿಕೊಂಡು ಗುಡ್ಡಸಾಲನ್ನು ತೆಗೆಯುತ್ತಿದ್ದ. ಹತ್ತಿಪ್ಪತ್ತು ಚಿತ್ರಗಳಾದ ಮೇಲೆ ಕ್ಯಾಮೆರಾದ ಪರದೆಯನ್ನು ನನ್ನ ಮುಂದೆ ಹಿಡಿದು, "ಸರ್, ಇಷ್ಟು ದುಡ್ಡು ಕೊಟ್ಟು ತಂದೀನಿ, ಗುಡ್ಡ ಎಲ್ಲಾ ಇರುವೆ ಹಂಗ ಬರ್ತಾವಲ್ರೀ. ಲೆನ್ಸ್‌ನಾಗ ಏನಾರ ದೋಷ ಐತೇನ್ರೀ?" ಎಂದು ಕೇಳಿದ. ಲೆನ್ಸ್ ಚೆನ್ನಾಗಿಯೇ ಇತ್ತು. ಆತ ಅಂಗಡಿಯಲ್ಲಿ "ಲ್ಯಾಂಡ್‌ಸ್ಕೇಪ್‌ಗೆ ಯಾವ ಲೆನ್ಸ್ ಒಳ್ಳೇದು" ಎಂದಷ್ಟೇ ಕೇಳಿದ್ದ. ಅಂಗಡಿಯವರು ಎಲ್ಲರಿಗೂ ಕೊಡುವ ಉತ್ತರವನ್ನೇ ಅವನಿಗೂ ಕೊಟ್ಟಿದ್ದರು.

ಇದೇ ತಪ್ಪನ್ನು ನಾನು ಹಲವು ಬಾರಿ ಕಂಡಿದ್ದೇನೆ. ಬಯಲುಸೀಮೆಯ ನಮ್ಮ ಎರಡು ಜಿಲ್ಲೆಗಳಲ್ಲಿ ಗುಡ್ಡಗಳು ದೂರದೂರ ನಿಲ್ಲುತ್ತವೆ, ನಡುವೆ ಮೆಕ್ಕೆಜೋಳ, ಶೇಂಗಾ ಹೊಲಗಳು ಹರಡಿಕೊಂಡಿರುತ್ತವೆ. ಇಂತಹ ನೆಲದಲ್ಲಿ ನಿಸರ್ಗದೃಶ್ಯ ತೆಗೆಯಹೊರಟವರು ಮೊದಲು ಕೊಳ್ಳಬೇಕಾದದ್ದು ಬಹುಮಟ್ಟಿಗೆ ದೂರದ್ದನ್ನು ಹತ್ತಿರಕ್ಕೆ ತರುವ ಟೆಲಿ ಲೆನ್ಸ್ ಎಂಬುದು ನನ್ನ ಅಭಿಪ್ರಾಯ. ಅದು ನಿಮಗೂ ಸರಿಯೇ ಎಂಬುದನ್ನು ಸಲಹೆ ಕೇಳಲು ಹೊರಡುವ ಮೊದಲೇ ಒಂದು ವಾರದಲ್ಲಿ ಖಚಿತಪಡಿಸಿಕೊಳ್ಳಬಹುದು.

ಕ್ಯಾಮೆರಾಕ್ಕೆ ಏನು ಹೊಂದುತ್ತದೆ

ಮೊದಲು ಕ್ಯಾಮೆರಾದ ಮಾದರಿಯನ್ನು ಅಕ್ಷರ ಮತ್ತು ಸಂಖ್ಯೆ ಸಹಿತ ಬರೆದುಕೊಳ್ಳಬೇಕು. "ನಿಕಾನ್ ಇದೆ" ಎಂದರೆ ಸಾಲದು. ನಿಕಾನ್ ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲವಾದ್ದರಿಂದ, ತನ್ನೊಳಗೆ ಮೋಟಾರ್ ಇಲ್ಲದ ಹಳೆಯ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ನಿಕಾನ್‌ನ ಎಎಫ್-ಪಿ ಲೆನ್ಸ್‌ಗಳು ಡಿ90, ಡಿ3100, ಡಿ7000 ಮುಂತಾದ ಹಳೆಯ ಕ್ಯಾಮೆರಾಗಳಲ್ಲಿ ಕೆಲಸ ಮಾಡುವುದಿಲ್ಲ. ಕ್ಯಾನನ್‌ನ ಇಎಫ್-ಎಸ್ ಲೆನ್ಸ್ ಆ ಕಂಪನಿಯ ಫುಲ್ ಫ್ರೇಮ್ ಡಿಎಸ್ಎಲ್ಆರ್‌ಗೆ ಕೂರುವುದೇ ಇಲ್ಲ, ಆದರೆ ಅದೇ ಲೆನ್ಸನ್ನು ಅಡಾಪ್ಟರ್ ಮೂಲಕ ಹೊಸ ಆರ್ಎಫ್ ಕ್ಯಾಮೆರಾಗಳಿಗೆ ಹಾಕಬಹುದು. ಜೊತೆಗೆ ಚಿತ್ರವನ್ನು ಹಿಡಿಯುವ ಸೆನ್ಸರ್ ದೊಡ್ಡದಾದ ಫುಲ್ ಫ್ರೇಮ್ ಆಗಿದೆಯೋ, ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಆಗಿದೆಯೋ ಎಂಬುದನ್ನೂ ಬರೆದುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಹಳೆಯ ಚಿತ್ರಗಳನ್ನು ಎಣಿಸಿ

ಕ್ಯಾಮೆರಾ ಜೊತೆಗೇ ಬಂದ 18-55 ಲೆನ್ಸ್‌ನಲ್ಲಿ ನೀವು ತೆಗೆದ, ನಿಮಗೆ ಇಷ್ಟವಾದ ಐವತ್ತು ನಿಸರ್ಗಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ತೆರೆದು, ಕಡತದ ವಿವರಗಳಲ್ಲಿ ದಾಖಲಾಗಿರುವ ಫೋಕಲ್ ಲೆಂಗ್ತ್ ನೋಡಿ. ಮಿಲಿಮೀಟರ್‌ನಲ್ಲಿರುವ ಈ ಸಂಖ್ಯೆ ಹೆಚ್ಚಿದಷ್ಟೂ ನೋಟ ಕಿರಿದಾಗಿ, ದೂರದ್ದು ದೊಡ್ಡದಾಗಿ ಕಾಣುತ್ತದೆ. ಹೆಚ್ಚಿನವರಿಗೆ 18 ಎಂಬ ಸಂಖ್ಯೆಯೇ ಮತ್ತೆ ಮತ್ತೆ ಕಾಣುತ್ತದೆ. ಅದನ್ನು ನೋಡಿ ತಮಗೆ ಇನ್ನೂ ಅಗಲದ ಲೆನ್ಸ್ ಬೇಕೆಂದು ತೀರ್ಮಾನಿಸುವುದು ಅವಸರವಾಗುತ್ತದೆ, ಏಕೆಂದರೆ ಜೂಮ್ ಉಂಗುರವನ್ನು ತಿರುಗಿಸದೆ ಬಿಟ್ಟರೂ ಇದೇ ಸಂಖ್ಯೆ ಬರುತ್ತದೆ. ಆ ಪ್ರತಿ ಚಿತ್ರವನ್ನೂ ನೋಡಿ, ಅಂಚುಗಳನ್ನು ಕತ್ತರಿಸಿದರೆ ಅದು ಸುಧಾರಿಸುತ್ತದೆಯೇ ಎಂದು ಪರೀಕ್ಷಿಸಿ. ಸುಧಾರಿಸುವುದಾದರೆ ನಿಮಗೆ ಬೇಕಿದ್ದದ್ದು ಉದ್ದದ ಲೆನ್ಸ್, ಅಂದರೆ ಟೆಲಿ. ಹಿಂದಕ್ಕೆ ಸರಿಯಲು ಜಾಗವಿಲ್ಲದೆ ಏನಾದರೂ ಚೌಕಟ್ಟಿನಿಂದ ಹೊರಗುಳಿದಿದ್ದರೆ ಮಾತ್ರ ಅಗಲದ ಲೆನ್ಸ್ ಬೇಕಿತ್ತು.

ರಟ್ಟಿನ ಕಿಂಡಿ

ಎಲ್ಲರೂ ಎಡವುವುದು ಇಲ್ಲಿಯೇ. ಮಿಲಿಮೀಟರ್‌ಗಳನ್ನು ಬಾಯಲ್ಲಿ ಹೇಳುತ್ತಾರೆ, ಆದರೆ ಆ ಸಂಖ್ಯೆ ಎಷ್ಟು ದೃಶ್ಯವನ್ನು ಒಳಗೊಳ್ಳುತ್ತದೆ ಎಂಬುದು ಕಣ್ಣಿಗೆ ತಿಳಿದಿರುವುದಿಲ್ಲ. ಲೆನ್ಸ್ ಬಾಡಿಗೆಗೆ ತಂದು ನೋಡಬಹುದಾದರೂ, ಅದಕ್ಕಿಂತ ಮೊದಲು ಖರ್ಚಿಲ್ಲದ ಒಂದು ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು ಎಂಬುದು ನನ್ನ ಆಗ್ರಹ.

ಮದುವೆಯ ಆಹ್ವಾನ ಪತ್ರಿಕೆಯಂತಹ ದಪ್ಪ ರಟ್ಟನ್ನು ತೆಗೆದುಕೊಂಡು, ನಿಮ್ಮದು ಎಪಿಎಸ್-ಸಿ ಕ್ಯಾಮೆರಾ ಆಗಿದ್ದರೆ ಅದರ ನಡುವೆ 12 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಕಿಂಡಿಯನ್ನು ಬ್ಲೇಡಿನಿಂದ ಅಚ್ಚುಕಟ್ಟಾಗಿ ಕತ್ತರಿಸಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಮುಂದೆ ಕಿಂಡಿಯನ್ನು ಹಿಡಿಯಿರಿ. ಕಣ್ಣಿಗೂ ಕಿಂಡಿಗೂ ನಡುವೆ ಎಷ್ಟು ಸೆಂಟಿಮೀಟರ್ ಅಂತರವಿದೆಯೋ ಅದರ ಎರಡರಷ್ಟು ಮಿಲಿಮೀಟರ್ ಲೆನ್ಸ್ ನೋಡುವಷ್ಟೇ ದೃಶ್ಯವನ್ನು ನೀವು ನೋಡುತ್ತಿರುತ್ತೀರಿ. 9 ಸೆಂ.ಮೀ. ದೂರದಲ್ಲಿ ಹಿಡಿದರೆ 18 ಮಿ.ಮೀ. ಲೆನ್ಸ್, 25 ಸೆಂ.ಮೀ. ದೂರದಲ್ಲಿ 50, ತೋಳು ಬಹುಪಾಲು ಚಾಚಿ 50 ಸೆಂ.ಮೀ. ದೂರದಲ್ಲಿ ಹಿಡಿದರೆ 100. ಅಲ್ಲಿಂದ ಮುಂದಕ್ಕೆ ತೋಳು ಸಾಲದ ಕಾರಣ, ಇನ್ನೊಂದು ರಟ್ಟಿನಲ್ಲಿ 6 ಮತ್ತು 4 ಸೆಂ.ಮೀ. ಅಳತೆಯ ಕಿಂಡಿ ಕತ್ತರಿಸಿಕೊಳ್ಳಿ. ಅದರಲ್ಲಿ ಅಂತರವನ್ನು ನಾಲ್ಕರಿಂದ ಗುಣಿಸಬೇಕು, ಅಂದರೆ 50 ಸೆಂ.ಮೀ. ದೂರವು 200 ಮಿ.ಮೀ. ಆಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾ ಇರುವವರು 9 ಮತ್ತು 6 ಸೆಂ.ಮೀ. ಕಿಂಡಿ ಮಾಡಿಕೊಂಡು ನಾಲ್ಕರಿಂದಲೇ ಗುಣಿಸಬೇಕು. ಕ್ಯಾನನ್‌ನ ಎಪಿಎಸ್-ಸಿ ಸೆನ್ಸರ್ ಉಳಿದವರದ್ದಕ್ಕಿಂತ ಕೊಂಚ ಕಿರಿದು, ಈ ಕೆಲಸದ ಮಟ್ಟಿಗೆ ಆ ವ್ಯತ್ಯಾಸ ಗಣನೆಗೆ ಬಾರದು.

ಅಂತರವನ್ನು ಪ್ರತಿ ಸಲ ಅಳೆಯುವುದು ಕಷ್ಟವಾದ್ದರಿಂದ ರಟ್ಟಿನ ಅಂಚಿಗೆ ಒಂದು ದಾರ ಕಟ್ಟಿ, ನಿಮಗೆ ಬೇಕಾದ ಅಳತೆಗಳಲ್ಲಿ ಗಂಟು ಹಾಕಿ, ಗಂಟನ್ನು ಕಣ್ಣಿನ ಪಕ್ಕದ ಮೂಳೆಗೆ ಒತ್ತಿ ಹಿಡಿದು ದಾರವನ್ನು ಬಿಗಿಯಾಗಿ ಎಳೆಯಿರಿ. ರಟ್ಟನ್ನು ಓರೆಯಾಗಿ ಹಿಡಿಯಬಾರದು. ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಈ ರಟ್ಟು ಮತ್ತು ಒಂದು ಸಣ್ಣ ಪುಸ್ತಕದೊಂದಿಗೆ ನೀವು ಹೆಚ್ಚಾಗಿ ಹೋಗುವ ನಾಲ್ಕು ಸ್ಥಳಗಳಿಗೆ ಹೋಗಿ, ದೃಶ್ಯ ಚೆನ್ನಾಗಿ ಕೂತಾಗ ಯಾವ ಗಂಟು ಕೈಯಲ್ಲಿತ್ತೆಂದು ಬರೆದುಕೊಳ್ಳಿ. ಎರಡು ಬೆಳಿಗ್ಗೆ, ಎರಡು ಸಂಜೆ ಇದನ್ನು ಮಾಡಿದರೆ ನಿಮ್ಮ ಕಣ್ಣು ಯಾವ ಅಳತೆಯನ್ನು ಬಯಸುತ್ತದೆ ಎಂಬುದು ನಿಮ್ಮದೇ ಕೈಬರಹದಲ್ಲಿ ಸಿಗುತ್ತದೆ.

ಕಿಂಡಿಯಲ್ಲಿ ಏನು ಕಾಣುತ್ತದೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಒಂದು ಕಿಲೋಮೀಟರ್ ದೂರದಲ್ಲಿ 20 ಮೀಟರ್ ಅಗಲದ ಹೆಬ್ಬಂಡೆ ಇದೆ ಎಂದುಕೊಳ್ಳಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ 10 ಮಿ.ಮೀ. ಲೆನ್ಸ್ ಆ ದೂರದಲ್ಲಿ ಸುಮಾರು 2,350 ಮೀಟರ್ ಅಗಲದ ನೆಲವನ್ನು ಚೌಕಟ್ಟಿಗೆ ತುಂಬುತ್ತದೆ, ಬಂಡೆ ಅದರಲ್ಲಿ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. 55 ಮಿ.ಮೀ.ನಲ್ಲಿ ಚೌಕಟ್ಟಿನ ಅಗಲ ಸುಮಾರು 430 ಮೀಟರ್‌ಗೆ ಇಳಿಯುತ್ತದೆ. 200 ಮಿ.ಮೀ.ನಲ್ಲಿ ಸುಮಾರು 117 ಮೀಟರ್ ಮಾತ್ರ ಉಳಿದು, ಬಂಡೆ ಚಿತ್ರದ ಆರನೆಯ ಒಂದು ಭಾಗವನ್ನು ತುಂಬುತ್ತದೆ. ಜೋಗಿಮಟ್ಟಿಯ ಯುವಕನ ಗುಡ್ಡಗಳು ಇರುವೆಯಂತಾದದ್ದು ಈ ಕಾರಣಕ್ಕೆ.

ಉದ್ದದ ಲೆನ್ಸ್‌ಗೆ ಇನ್ನೊಂದು ಬಲವಿದೆ. ಕೋಟೆಯ ಒಂದು ಕೊತ್ತಲದಿಂದ 20 ಮೀಟರ್ ದೂರ ನಿಂತು 20 ಮಿ.ಮೀ.ನಲ್ಲಿ ಅದನ್ನು ತೆಗೆದರೆ, ಎರಡು ಕಿಲೋಮೀಟರ್ ಆಚೆಯ ಗುಡ್ಡದ ಮೇಲಿನ ಗಾಳಿಯಂತ್ರ ಕಡ್ಡಿಯಂತೆ ಕಾಣುತ್ತದೆ. ಅದೇ ಸಾಲಿನಲ್ಲಿ 200 ಮೀಟರ್ ದೂರಕ್ಕೆ ಹಿಂದೆ ಸರಿದು 200 ಮಿ.ಮೀ.ನಲ್ಲಿ ತೆಗೆದರೆ ಕೊತ್ತಲದ ಗಾತ್ರ ಮೊದಲಿನಷ್ಟೇ ಇರುತ್ತದೆ, ಗಾಳಿಯಂತ್ರ ಮಾತ್ರ ಒಂಬತ್ತು ಪಟ್ಟಿಗಿಂತ ಹೆಚ್ಚು ದೊಡ್ಡದಾಗಿ ಅದರ ಬೆನ್ನಿಗೆ ಬಂದು ನಿಲ್ಲುತ್ತದೆ. ಈ ಬದಲಾವಣೆ ಬಂದದ್ದು ನೀವು ನಿಂತ ಜಾಗದಿಂದ. ಹಿಂದೆ ಸರಿದ ಮೇಲೂ ಚೌಕಟ್ಟು ಬಿಗಿಯಾಗಿ ಉಳಿಯಲು ಲೆನ್ಸ್ ನೆರವಾಯಿತು. ಆದರೆ ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಕಾದ ನೆಲದ ಗಾಳಿ ಕುದಿಯುವುದರಿಂದ, ದೂರದ ಗುಡ್ಡಗಳು ಎಂತಹ ಬೆಲೆಬಾಳುವ ಟೆಲಿ ಲೆನ್ಸ್‌ನಲ್ಲೂ ನಡುಗಿದಂತೆ ಬರುತ್ತವೆ. ಅದಕ್ಕೆ ಪರಿಹಾರ ಬೆಳಗಿನ ಜಾವ ಏಳುವುದೊಂದೇ.

ಅಗಲದ ಲೆನ್ಸ್ ಎಲ್ಲಿ ಬೇಕು

ಕಾಲಬುಡದಿಂದ ಒಂದೆರಡು ಮೀಟರ್‌ನೊಳಗೆ ನೋಡಲು ಯೋಗ್ಯವಾದ ವಸ್ತು ಇರುವಲ್ಲಿ ಅಗಲದ ಲೆನ್ಸ್ ಬೇಕು. ಒನಕೆ ಓಬವ್ವನ ಕಿಂಡಿಯ ಇಕ್ಕಟ್ಟಿನಲ್ಲಿ, ಕೋಟೆಯ ಬಾಗಿಲುಗಳ ನಡುವೆ ಎರಡೂ ಕಡೆ ಗೋಡೆ ಏರಿ ನಿಂತ ತಿರುವುಗಳಲ್ಲಿ, ಗೋಪಾಲಸ್ವಾಮಿ ಹೊಂಡದ ಅಂಚಿನ ಕಲ್ಲುಗಳನ್ನು ಮುಂದಿಟ್ಟುಕೊಂಡು ನೀರು ಮತ್ತು ಆಕಾಶವನ್ನು ತೆಗೆಯುವಾಗ ಅದಕ್ಕೆ ಸಾಟಿಯಿಲ್ಲ. ಇಂತಹ ಜಾಗಗಳೇ ನಿಮ್ಮ ಪುಸ್ತಕದಲ್ಲಿ ತುಂಬಿದ್ದರೆ ನನ್ನ ಟೆಲಿ ಸಲಹೆಯನ್ನು ಬದಿಗಿಟ್ಟು ಅಗಲದ ಲೆನ್ಸನ್ನೇ ಕೊಳ್ಳಿ.

ಕೆರೆಯ ವಿಸ್ತಾರಕ್ಕೆ ಮಾತ್ರ ಅದನ್ನು ಕೊಳ್ಳಬೇಡಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ನಾನು ನೋಡಿದ ಬಹಳಷ್ಟು ಚಿತ್ರಗಳಲ್ಲಿ ಮೇಲರ್ಧ ಬರಿಯ ಆಕಾಶ, ಕೆಳಗರ್ಧ ಬರಿಯ ನೀರು, ನಡುವೆ ದಾರದಷ್ಟು ಗುಡ್ಡ ಇತ್ತು. ಚನ್ನಗಿರಿಯ ಸೂಳೆಕೆರೆಯಲ್ಲೂ ಇದೇ ಆಗುತ್ತದೆ. ಅಲ್ಲಿ ನಿಮ್ಮ 18-55 ಲೆನ್ಸನ್ನೇ 35ಕ್ಕೆ ತಿರುಗಿಸಿ, ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಪ್ರತಿ ಚಿತ್ರ ಹಿಂದಿನದರ ಮೂರನೆಯ ಒಂದು ಭಾಗವನ್ನು ಒಳಗೊಳ್ಳುವಂತೆ ಎಡದಿಂದ ಬಲಕ್ಕೆ ಆರು ಚಿತ್ರ ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸಿದರೆ ಸುಮಾರು 110 ಡಿಗ್ರಿ ಅಗಲದ ನೋಟ ಸಿಗುತ್ತದೆ. 10 ಮಿ.ಮೀ. ಲೆನ್ಸ್‌ನ ಅಡ್ಡ ಚೌಕಟ್ಟು ಕೊಡುವುದು ಸುಮಾರು 99 ಡಿಗ್ರಿ. ಆರೂ ಚಿತ್ರಗಳಿಗೆ ಎಕ್ಸ್‌ಪೋಷರ್ ಮತ್ತು ಫೋಕಸ್ ಒಂದೇ ಇರುವಂತೆ ಮ್ಯಾನ್ಯುಯಲ್‌ಗೆ ಹಾಕುವುದನ್ನು ಮರೆಯಬಾರದು.

ಕಿಟ್ ಲೆನ್ಸ್‌ನ ಮೂತಿಗೆ ತಿರುಗಿಸಿ ಹಾಕುವ ಅಗ್ಗದ ವೈಡ್ ಕನ್ವರ್ಟರ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಅವು ಅಂಚುಗಳನ್ನು ಕಲಸಿಬಿಡುತ್ತವೆ. ಕಂಡಲ್ಲಿ ಬಿಟ್ಟು ಮುಂದೆ ಹೋಗಿ.

ಅಪರ್ಚರ್, ಭಾರ, ಫಿಲ್ಟರ್

ಅಪರ್ಚರ್ ಎಂದರೆ ಲೆನ್ಸ್‌ನೊಳಗೆ ಬೆಳಕು ಬರುವ ರಂಧ್ರ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದಾಗುತ್ತದೆ. ನಿಸರ್ಗದೃಶ್ಯಕ್ಕೆ ದೊಡ್ಡದಾಗಿ ತೆರೆಯುವ ಎಫ್/2.8 ಲೆನ್ಸ್ ಬೇಡ. ಹಗಲಿನಲ್ಲಿ ನೀವು ಬಳಸುವುದು ಎಫ್/8ರಿಂದ ಎಫ್/11, ಅಲ್ಲಿ ಅಗ್ಗದ ಲೆನ್ಸ್‌ಗಳೂ ಚೆನ್ನಾಗಿ ಕೆಲಸ ಮಾಡುತ್ತವೆ. ಎಫ್/22ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಚಿತ್ರ ಮೆತ್ತಗಾಗುತ್ತದೆ, ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಎಪಿಎಸ್-ಸಿಯಲ್ಲಿ 18 ಮಿ.ಮೀ., ಎಫ್/8 ಇಟ್ಟು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಒಂದು ಮೀಟರ್‌ನಿಂದ ದಿಗಂತದವರೆಗೆ ಸ್ಪಷ್ಟವಾಗಿ ಬರುತ್ತದೆ.

ಎಫ್/2.8ಕ್ಕೆ ಕೊಡುವ ಹಣಕ್ಕಿಂತ ಕೈನಡುಕವನ್ನು ತಗ್ಗಿಸುವ ಇಮೇಜ್ ಸ್ಟೆಬಿಲೈಸೇಷನ್‌ಗೆ ಕೊಡುವ ಹಣ ಇಲ್ಲಿ ಸಾರ್ಥಕ. ಚಿತ್ರದುರ್ಗದ ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದು, ಅಂತಹ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಪಡೆಯಬೇಕಾಗುತ್ತದೆ. ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ಯಾನನ್ 10-18 ಲೆನ್ಸ್ 240 ಗ್ರಾಂ, 55-250 ಲೆನ್ಸ್ 375 ಗ್ರಾಂ, ಎರಡನ್ನೂ ಕೂಡಿಸಿದರೂ ಸುಮಾರು ಒಂದೂವರೆ ಕಿಲೋ ತೂಗುವ 70-200 ಎಫ್/2.8ರ ಅರ್ಧಕ್ಕಿಂತ ಕಡಿಮೆ. ಏಳು ಸುತ್ತಿನ ಕೋಟೆಯ ಮೆಟ್ಟಿಲು ಹತ್ತುವಾಗ ಈ ಅಂತರ ಭುಜಕ್ಕೆ ತಿಳಿಯುತ್ತದೆ.

ಮುಂದಿನ ಗಾಜು ಗುಮ್ಮಟದಂತೆ ಉಬ್ಬಿರುವ ಲೆನ್ಸ್‌ಗೆ ಸಾಮಾನ್ಯ ಫಿಲ್ಟರ್ ತಿರುಗಿಸಿ ಹಾಕಲು ಬರುವುದಿಲ್ಲ, ಮೊದಲ ಲೆನ್ಸ್ ಆಗಿ ಅದನ್ನು ಕೊಳ್ಳಲೇಬೇಡಿ. ಫಿಲ್ಟರ್‌ಗಳಲ್ಲಿ ಪ್ರತಿಫಲನ ತಗ್ಗಿಸಿ ಆಕಾಶವನ್ನು ಕಡುಗೊಳಿಸುವ ಪೋಲರೈಸರ್ ಒಂದು ಸಾಕು. ಆದರೆ ಬಹಳ ಅಗಲದ ಲೆನ್ಸ್‌ನಲ್ಲಿ ಅದು ಆಕಾಶದ ಒಂದು ಭಾಗವನ್ನಷ್ಟೇ ಕಡುನೀಲಿ ಮಾಡಿ ಉಳಿದದ್ದನ್ನು ತೆಳುವಾಗಿಯೇ ಬಿಡುತ್ತದೆ.

ಈಗ ಕೇಳಿ

ಪುಸ್ತಕದ ಟಿಪ್ಪಣಿ ಕೈಯಲ್ಲಿರುವುದರಿಂದ ನಿಮ್ಮ ಪ್ರಶ್ನೆ ಹೀಗಿರಬೇಕು: "ನನ್ನ ಬಳಿ ಇಂತಹ ಮಾದರಿಯ ಎಪಿಎಸ್-ಸಿ ಕ್ಯಾಮೆರಾ ಮತ್ತು 18-55 ಲೆನ್ಸ್ ಇದೆ. ಕೊಂಡಜ್ಜಿ ಕೆರೆಯ ದಡದಿಂದ ಗುಡ್ಡವನ್ನು, ಚಂದ್ರವಳ್ಳಿಯಿಂದ ಬಂಡೆಗಳನ್ನು ತೆಗೆಯುವಾಗ ನನಗೆ 100ರಿಂದ 200 ಮಿ.ಮೀ. ಬೇಕೆನಿಸಿದೆ. ಟ್ರೈಪಾಡ್ ಇಲ್ಲದೆ ತೆಗೆಯುತ್ತೇನೆ, ಎರಡು ಅಡಿ ಅಗಲದ ಪ್ರಿಂಟ್ ಮಾಡಿಸುವ ಆಸೆಯಿದೆ, ನನ್ನ ಬಳಿ ಇಷ್ಟು ಹಣವಿದೆ, ಬಳಸಿದ ಲೆನ್ಸ್ ಆದರೂ ಆಗಬಹುದು." ಹಣದ ಮೊತ್ತ ಹೇಳಲು ಸಂಕೋಚಪಡಬಾರದು. ಅದನ್ನು ಮುಚ್ಚಿಟ್ಟರೆ ಸಲಹೆ ಕೊಡುವವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮದುವೆ ಚಿತ್ರ ತೆಗೆಯುವ ಸ್ಟುಡಿಯೊದವರನ್ನು ಕೇಳುವುದಾದರೆ ಅವರ ಕೆಲಸ ಬೇರೆ ಎಂಬುದು ನೆನಪಿರಲಿ. ಕಲ್ಯಾಣ ಮಂಟಪದ ಮಬ್ಬು ಬೆಳಕಿನಲ್ಲಿ ದುಡಿಯುವ ಅವರು ಎಫ್/2.8 ಹೇಳುವುದು ಸಹಜ. ಬಳಸಿದ ಲೆನ್ಸ್ ಯಾರ ಬಳಿ ಮಾರಾಟಕ್ಕಿದೆ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ, ಅದನ್ನು ತಪ್ಪದೆ ಕೇಳಿ.

ಕೊಳ್ಳುವ ದಿನ

ಬಳಸಿದ ಲೆನ್ಸ್ ಆದರೆ ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದಿರುವಂತೆ ನೋಡಿಕೊಂಡು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯ ಎಳೆಗಳಂತಹ ಗುರುತು ಕಂಡರೆ ಅದು ಶಿಲೀಂಧ್ರ, ಎಷ್ಟೇ ಅಗ್ಗವಾದರೂ ಬೇಡ. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ.

ಹೊಸದಾಗಲಿ ಹಳೆಯದಾಗಲಿ ಒಂದು ಪರೀಕ್ಷೆಯನ್ನು ಬಿಡಬಾರದು. ದೂರದ ಮೊಬೈಲ್ ಟವರ್ ಒಂದಕ್ಕೆ ಫೋಕಸ್ ಮಾಡಿ, ಫೋಕಸನ್ನು ಮ್ಯಾನ್ಯುಯಲ್‌ಗೆ ಬದಲಿಸಿ, ಎಫ್/5.6ರಲ್ಲಿ ಆ ಟವರ್ ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಬರುವಂತೆ ನಾಲ್ಕು ಚಿತ್ರ ತೆಗೆಯಿರಿ. ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ನೋಡಿದಾಗ ನಾಲ್ಕೂ ಮೂಲೆಗಳು ಒಂದೇ ಪ್ರಮಾಣದಲ್ಲಿ ಮೆತ್ತಗಿದ್ದರೆ ಅದು ಆ ಲೆನ್ಸ್‌ನ ಗುಣ. ಮೂರು ಮೂಲೆಗಳಲ್ಲಿ ಟವರ್‌ನ ಕಂಬಿಗಳು ಎಣಿಸುವಂತಿದ್ದು ಒಂದು ಮೂಲೆಯಲ್ಲಿ ಮಾತ್ರ ಕಲಸಿಹೋಗಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿದೆ ಎಂದರ್ಥ. ಇದನ್ನು ಮರಳಿಸುವ ಅವಧಿಯೊಳಗೆ ಮಾಡಿ ಮುಗಿಸಿ, ಅಲ್ಲಿಯವರೆಗೆ ಬಿಲ್ಲನ್ನೂ ಪೆಟ್ಟಿಗೆಯನ್ನೂ ಜೋಪಾನವಾಗಿಟ್ಟುಕೊಳ್ಳಿ.