ವಿಮಾನ ಕಂಪನಿಗೆ ಎಕ್ಸ್‌ಟ್ರಾ ದುಡ್ಡು ಕೊಡದೆ ಸೈಕಲ್ ಲೇಹ್‌ಗೆ ಹೋಗಿ ಬಂತು

ಬೆಂಗಳೂರಿನಿಂದ ಲೇಹ್‌ಗೆ ನನ್ನ ಸೈಕಲ್ ವಿಮಾನದಲ್ಲೇ ಹೋಯಿತು, ವಿಮಾನದಲ್ಲೇ ವಾಪಸ್ ಬಂತು. ಅದಕ್ಕೆ ಅಂತ ವಿಮಾನ ಕಂಪನಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಟ್ಟಿಲ್ಲ. ಟೇಪು, ಪೆಟ್ಟಿಗೆ ಬಿಗಿಯುವ ಪಟ್ಟಿ, ಲೇಹ್‌ನ ಟ್ಯಾಕ್ಸಿ ಎಲ್ಲ ಸೇರಿ 1,500 ರೂಪಾಯಿಯ ಆಚೀಚೆ ಆಗಿರಬಹುದು, ಅದೂ ಎರಡೂ ಕಡೆಗೆ.

ಹೊರಡುವ ಮೊದಲು ನಮ್ಮ ಗುಂಪಿನಲ್ಲಿ ಯಾರೂ ನಂಬಿರಲಿಲ್ಲ. "ಗುರು, ಸುಮ್ನೆ ಅಲ್ಲೇ ಬಾಡಿಗೆಗೆ ತಗೋ, ಇದೆಲ್ಲ ಆಗೋ ಕೆಲಸ ಅಲ್ಲ" ಅಂತ ಎಲ್ಲರದೂ ಒಂದೇ ಮಾತು. ಲೇಹ್‌ನಲ್ಲಿ ಒಂದು ಸುಮಾರಾದ ಎಂಟಿಬಿಗೆ (ಬೆಟ್ಟದ ದಾರಿಯ ಸೈಕಲ್) ದಿನಕ್ಕೆ 800ರಿಂದ 1,000 ಕೇಳುತ್ತಿದ್ದರು. ಹತ್ತು ದಿನಕ್ಕೆ ಎಷ್ಟಾಯಿತು ಲೆಕ್ಕ ಹಾಕಿ. ಅದಕ್ಕಿಂತ ಮುಖ್ಯ, ಲೇಹ್ ಹತ್ತಿರದ ಎತ್ತರದ ಘಾಟಿ ಖರ್ದುಂಗ್ ಲಾ ಹತ್ತುವಾಗ ನನ್ನ ಕಾಲಿಗೆ, ಬೆನ್ನಿಗೆ ಒಗ್ಗಿದ ಸೈಕಲ್ಲೇ ಬೇಕು ಅಂತ ನನಗೆ ಹಟ ಇತ್ತು. ವರ್ಷಗಟ್ಟಲೆ ಅದರ ಮೇಲೆ ನಂದಿ ಬೆಟ್ಟ ಹತ್ತಿ, ಕೊನೆಗೆ ದೊಡ್ಡ ಬೆಟ್ಟಕ್ಕೆ ಬೇರೆಯವರ ಸೈಕಲ್ ಹತ್ತೋದಾ?

ಇದಕ್ಕೆ ಮುಂಚೆ ಬೇರೆ ದಾರಿಗಳಲ್ಲಿ ನನ್ನ ದುಡ್ಡು ಸಾಕಷ್ಟು ಹೋಗಿದೆ. ಗಟ್ಟಿ ಪ್ಲಾಸ್ಟಿಕ್ ಕೇಸನ್ನು ಬಾಡಿಗೆಗೆ ತಂದು ದೆಹಲಿಗೆ ಒಯ್ದಿದ್ದೆ. ಕೇಸೇ 11 ಕಿಲೋ, ಸೈಕಲ್ ಸೇರಿದರೆ 23 ದಾಟಿತು. ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ ಸಿಗೋದು 15 ಕಿಲೋ. ಮಿಕ್ಕಿದ್ದಕ್ಕೆ ಕೌಂಟರಿನಲ್ಲಿ ಕಿಲೋಗೆ 550-600ರ ಹಾಗೆ ಹಾಕಿ ಸುಮಾರು 5,000 ಬಿಲ್ ಮಾಡಿದರು. ಒಂದೇ ಕಡೆಗೆ! ಕೇಸಿನ ಬಾಡಿಗೆ ಬೇರೆ. ಸೈಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ, ಅದು ನಿಜ. ಆದರೆ ಆ ದುಡ್ಡಿಗೆ ಇನ್ನೊಂದು ಟಿಕೆಟ್ಟೇ ಬರುತ್ತಿತ್ತು.

ಆಮೇಲೆ ಮೆತ್ತನೆಯ ಬ್ಯಾಗ್. ತೂಕ ಇಳಿಯಿತು, ಆದರೆ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರನ್ನು ಚೌಕಟ್ಟಿಗೆ ಹಿಡಿಯುವ ತುಂಡು) ಬಾಗಿತು. ಸಾವಿರ ರೂಪಾಯಿಯ ತುಂಡು, ಆದರೆ ಹೋದ ಊರಿನಲ್ಲಿ ಅದು ಸಿಗಲಿಲ್ಲ. ಎರಡು ದಿನ ಒಂದೇ ಗೇರಿನಲ್ಲಿ ತುಳಿದೆ. ಲಾರಿ ಪಾರ್ಸೆಲ್ಲಿನಲ್ಲೂ ಕಳಿಸಿ ನೋಡಿದೆ. ತುಂಬ ಅಗ್ಗ. ಆದರೆ ನಾನು ತಲುಪಿ ನಾಲ್ಕೈದು ದಿನ ಆದ ಮೇಲೆ ಸೈಕಲ್ ಬಂತು, ಅಷ್ಟರಲ್ಲಿ ರಜೆ ಅರ್ಧ ಮುಗಿದಿತ್ತು.

ಉಳಿದದ್ದು ರಟ್ಟಿನ ಪೆಟ್ಟಿಗೆ. ಎಲ್ಲರೂ ಉಪಯೋಗಿಸುವುದೇ. ಆದರೆ ಅಂಗಡಿಯಿಂದ ತಂದ ಪೆಟ್ಟಿಗೆಯನ್ನು ಹಾಗೇ ಉಪಯೋಗಿಸುತ್ತಾರೆ, ದುಡ್ಡು ಹೋಗೋದು ಅಲ್ಲೇ. ಹೊಸ ಸೈಕಲ್ ಬರುವ ಪೆಟ್ಟಿಗೆ ಖಾಲಿಯಿದ್ದಾಗಲೇ ನಾಲ್ಕು ಕಿಲೋ ತೂಗುತ್ತದೆ. ಉದ್ದ 135 ಸೆಂ.ಮೀ., ಎತ್ತರ 75 ಇರುತ್ತದೆ. ನನ್ನ ಸೈಕಲ್ ಅಲ್ಯೂಮಿನಿಯಂ ಹೈಬ್ರಿಡ್, ಪೆಡಲ್ ಸೇರಿ ಹನ್ನೊಂದೂವರೆ ಕಿಲೋ. ಅಂದರೆ ಪೆಟ್ಟಿಗೆ, ಸ್ಪ್ಯಾನರ್, ಪಂಪು ಎಲ್ಲಕ್ಕೂ ಸೇರಿ ನನಗೆ ಉಳಿಯೋದು ಮೂರೂವರೆ ಕಿಲೋ. ಹಾಗಾಗಿ ಪೆಟ್ಟಿಗೆ ಎರಡು ಕಿಲೋಗೆ ಇಳಿಯಲೇಬೇಕಿತ್ತು.

ಇಳಿಸಿದೆ. ಎರಡೂ ಚಕ್ರ ತೆಗೆದೆ, ಮುಂದಿನ ಚಕ್ರ ಹಿಡಿಯುವ ಕವಲು, ಅಂದರೆ ಫೋರ್ಕನ್ನೂ ಬಿಚ್ಚಿದೆ. ಫೋರ್ಕ್ ಬಿಚ್ಚಲು ಜನ ಯಾಕೆ ಹೆದರುತ್ತಾರೋ ಗೊತ್ತಿಲ್ಲ. ಹ್ಯಾಂಡಲ್ ಕೆಳಗಿನ ಬಳೆಗಳನ್ನು (ಸ್ಪೇಸರು) ಅದೇ ಕ್ರಮದಲ್ಲಿ ಪೋಣಿಸಿ, ಒಂದು ಫೋಟೋ ತೆಗೆದಿಟ್ಟುಕೊಂಡರೆ ಹತ್ತು ನಿಮಿಷದ ಕೆಲಸ. ಹ್ಯಾಂಡಲ್ಲನ್ನು ಚೌಕಟ್ಟಿನ ಮೇಲಿನ ಕೊಳವೆಗೆ ಕಟ್ಟಿದೆ. ಆಗ ಪೆಟ್ಟಿಗೆಯನ್ನು ಕತ್ತರಿಸಿದರೆ 105 ಸೆಂ.ಮೀ. ಉದ್ದ, 65 ಎತ್ತರ, 22 ಅಗಲಕ್ಕೆ ಬಂತು. ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ಅನ್ನುವ ವಿಮಾನ ಕಂಪನಿಗಳ ಮಿತಿಯೊಳಗೆ ಸೈಕಲ್ ಪೆಟ್ಟಿಗೆ ಇಳಿಯೋದಿಲ್ಲ, ಆ ಆಸೆ ಬಿಡಿ. ಅದಕ್ಕೇ ಸೈಕಲ್ಲನ್ನು 15 ಕಿಲೋದೊಳಗೇ ಸೇರಿಸಿಕೊಳ್ಳುವ ವಿಮಾನ ಹುಡುಕಿ ಟಿಕೆಟ್ ತೆಗೆಯಬೇಕು. ಕೆಲವರು ಆಟದ ಸಾಮಾನು ಅಂತ ಬೇರೆ ಚಾರ್ಜ್ ಹಾಕುತ್ತಾರೆ, ತೂಕ ಎಷ್ಟಿದ್ದರೂ ಅದು ತಪ್ಪೋದಿಲ್ಲ. ನಾನು ಪೆಟ್ಟಿಗೆಯ ಅಳತೆ, ತೂಕ, ಒಳಗಿರೋದು ಸೈಕಲ್ ಅಂತ ಎಲ್ಲ ಬರೆದು ಇಮೇಲ್ ಕಳಿಸಿದೆ. ಅವರ ಉತ್ತರವನ್ನು ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡೆ. ಕೌಂಟರಿನಲ್ಲಿ "ಸರ್, ಇದು ಓವರ್‌ಸೈಜ್, ಚಾರ್ಜ್ ಆಗುತ್ತೆ" ಅಂದಾಗ ಆ ಹಾಳೆ ತೋರಿಸಿದೆ. ಅವರು ಯಾರಿಗೋ ಫೋನ್ ಮಾಡಿದರು, ಐದು ನಿಮಿಷ ಆಯಿತು, ಟ್ಯಾಗ್ ಅಂಟಿಸಿದರು. ತೂಕದ ಯಂತ್ರ 14.7 ತೋರಿಸುತ್ತಿತ್ತು.

ಪೆಟ್ಟಿಗೆ ಚಿಕ್ಕದಾಗಿದ್ದರಿಂದ ಇನ್ನೊಂದು ಲಾಭವೂ ಆಯಿತು. ದೇವನಹಳ್ಳಿಗೆ ದೊಡ್ಡ ಕಾರು ಬೇಕಾಗಲಿಲ್ಲ. ಸಾಮಾನ್ಯ ಕ್ಯಾಬಿನ ಹಿಂದಿನ ಸೀಟಿನ ಮೇಲೆ ನಿಲ್ಲಿಸಿಕೊಂಡು ಹೋದೆ. ಅಲ್ಲೇ 600-700 ಉಳಿಯಿತು.

ಫೋರ್ಕಿನ ತುದಿ ಅದುಮಿ ಹೋಗದಂತೆ ಮಧ್ಯೆ ಏನಾದರೂ ಇಡಬೇಕು. ಸೈಕಲ್ ಅಂಗಡಿಯವರು ಹೊಸ ಸೈಕಲ್ಲಿನಿಂದ ತೆಗೆದ ಪ್ಲಾಸ್ಟಿಕ್ ತುಂಡನ್ನು ದಿನಾ ಎಸೆಯುತ್ತಾರೆ, ಕೇಳಿದರೆ ಕೊಡುತ್ತಾರೆ. ನನಗೆ ಪೆಟ್ಟಿಗೆಯನ್ನೂ ಅವರೇ ಕೊಟ್ಟರು. "ಗುಜರಿಯವನಿಗೆ ಹಾಕೋದನ್ನ ನೀವು ತಗೊಂಡು ಹೋಗಿ ಸಾರ್" ಅಂದರು. ಪಿವಿಸಿ ಪೈಪಿನಲ್ಲೂ ಮಾಡಿ ನೋಡಿದ್ದೇನೆ. ನನ್ನಂಥ ಹೈಬ್ರಿಡ್ಡಿನಲ್ಲಿ ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಚ್ಚುವ ಚಕ್ರ) ಇದ್ದರೆ ಮುಂದಿನ ಫೋರ್ಕಿಗೆ 100 ಮಿ.ಮೀ., ಹಿಂದಿನ ಚಕ್ರದ ಜಾಗಕ್ಕೆ 135 ಮಿ.ಮೀ. ಕತ್ತರಿಸಿ, ನಡುವೆ ಉದ್ದನೆಯ ಬೋಲ್ಟ್ ಹಾಕಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಹಿಂದಿನ ಡಿರೇಲರನ್ನು ಬಿಚ್ಚಿ, ಬಟ್ಟೆ ಸುತ್ತಿ, ಚೌಕಟ್ಟಿನ ಒಳಬದಿಗೆ ಕಟ್ಟುತ್ತೇನೆ. ಹ್ಯಾಂಗರ್ ಆಮೇಲೆ ಬಾಗಿಲ್ಲ.

ಪೆಟ್ಟಿಗೆಯ ಎರಡೂ ತುದಿಯಲ್ಲಿ ಕೈ ಹಿಡಿಯಲು ತೂತು ಮಾಡಿ, ಒಳಗಿನಿಂದ ಎರಡು ಪದರ ಟೇಪು ಹಾಕಿ. ಹಿಡಿಕೆ ಇದ್ದರೆ ಎತ್ತುತ್ತಾರೆ, ಇಲ್ಲದಿದ್ದರೆ ಎಳೆಯುತ್ತಾರೆ. ಮೇಲ್ಭಾಗಕ್ಕೆ ಟೇಪು ಹಾಕಬೇಡಿ, ಬಕಲ್ ಇರುವ ಪಟ್ಟಿ ಬಿಗಿಯಿರಿ. ತಪಾಸಣೆಯವರು ಬಿಚ್ಚಿಸಬಹುದು. ಟೇಪು ಹರಿದರೆ ಅಲ್ಲಿ ಮತ್ತೆ ಯಾರು ಅಂಟಿಸುತ್ತಾರೆ? ಕೆಳಗಿನ ನಾಲ್ಕು ಮೂಲೆಗೆ ನಾನು ಏನು ಹಾಕುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಅದು ತುಂಬ ದಿನ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು. ಅದನ್ನು ಹಾಕಿ, ಒಳಗೆ 15 ಕಿಲೋ ಭಾರ ತುಂಬಿ, ನಮ್ಮ ಮನೆಯ ಮೆಟ್ಟಿಲ ಮೇಲಿನಿಂದ ಪೆಟ್ಟಿಗೆಯನ್ನು ಕೆಳಗೆ ಉರುಳಿಸಿ ನೋಡಿದ್ದೇನೆ. ಮೂಲೆ ಒಡೆಯಲಿಲ್ಲ.

ಟೈರಿನ ಗಾಳಿ ಪೂರ್ತಿ ಇಳಿಸಬೇಕು, ಇಲ್ಲದಿದ್ದರೆ ಮೇಲೆ ಹೋದಾಗ ಒಡೆಯುತ್ತದೆ ಅಂತ ಹೇಳುತ್ತಾರಲ್ವಾ? ಲಗೇಜ್ ಇಡುವ ಜಾಗದಲ್ಲೂ ಗಾಳಿಯ ಒತ್ತಡ ಕಾಪಾಡಿರುತ್ತಾರೆ. ಹೊರಗೆ ಒತ್ತಡವೇ ಇಲ್ಲ ಅಂದುಕೊಂಡರೂ ಟೈರಿಗೆ ಬೀಳೋದು 15 ಪಿಎಸ್‌ಐ ಜಾಸ್ತಿ, ಅಷ್ಟೇ. ಆದರೂ ಕೌಂಟರಿನಲ್ಲಿ ಇಳಿಸಲು ಹೇಳುತ್ತಾರೆ, ವಾದ ಮಾಡದೆ ಇಳಿಸಿ. ನಾನು ರಿಮ್ಮಿಗೆ ಪೆಟ್ಟು ಬೀಳದಷ್ಟು ಮೆತ್ತಗೆ ಉಳಿಸಿರುತ್ತೇನೆ. ಟೈರಿಗೆ ಗಾಳಿ ತುಂಬುವ ಸಿಒ2 ಕಾರ್ಟ್ರಿಜ್ ಮನೆಯಲ್ಲೇ ಬಿಡಿ. ಪವರ್ ಬ್ಯಾಂಕು, ಲೈಟಿನ ಬ್ಯಾಟರಿ ಕೈಚೀಲಕ್ಕೆ, ಸ್ಪ್ಯಾನರ್ ಪೆಟ್ಟಿಗೆಗೆ. ಸೀಟು, ಬಟ್ಟೆ, ಶೂ ಎಲ್ಲ ಕ್ಯಾಬಿನ್ನಿನ ಏಳು ಕಿಲೋದಲ್ಲಿ ಹೋಯಿತು. ದಪ್ಪ ಜಾಕೆಟ್ ಮೈಮೇಲೆ.

ಬೆಂಗಳೂರು-ದೆಹಲಿ, ದೆಹಲಿ-ಲೇಹ್ ಎರಡೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ತೆಗೆದರೆ ಸಾವಿರ ರೂಪಾಯಿ ಅಗ್ಗ ಅನ್ನಿಸುತ್ತದೆ, ಆದರೆ ದೆಹಲಿಯಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಹೊಸದಾಗಿ ತೂಗಿಸಬೇಕು. ಎಕ್ಸ್‌ಟ್ರಾ ತೂಕ ಇದ್ದರೆ ಎರಡು ಸಲ ದುಡ್ಡು. 15 ಮೀರುವ ಸೈಕಲ್ ನಿಮ್ಮದಾದರೆ ಹೆಚ್ಚಿನ ಕಿಲೋವನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಕೊಳ್ಳಿ, ಸಾಮಾನ್ಯವಾಗಿ ಕೌಂಟರಿಗಿಂತ ಕಡಿಮೆ.

ಲೇಹ್ ವಿಮಾನ ನಿಲ್ದಾಣ ಸುಮಾರು 3,250 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಬಿಸಿಲು ಏರಿದಷ್ಟೂ ವಿಮಾನ ಹೊರಬಲ್ಲ ಭಾರ ಕಡಿಮೆ. ಅದಕ್ಕೇ ಬೆಳಗಿನ ಮೊದಲ ವಿಮಾನ ಹಿಡಿಯಿರಿ. ಹಾಗಿದ್ದೂ ನನ್ನ ಪೆಟ್ಟಿಗೆ ನನ್ನ ಜೊತೆ ಬರಲಿಲ್ಲ, ಮರುದಿನ ಬೆಳಿಗ್ಗೆ ಬಂತು. ಹೇಗೂ ಎತ್ತರಕ್ಕೆ ಮೈ ಒಗ್ಗಲು ಎರಡು ದಿನ ಸುಮ್ಮನೆ ಕೂರಬೇಕು, ಹಾಗಾಗಿ ನಷ್ಟ ಆಗಲಿಲ್ಲ. ಬಿಚ್ಚಿದ ಪೆಟ್ಟಿಗೆಯನ್ನು ಮಡಚಿ ಉಳಿದುಕೊಂಡ ಮನೆಯವರ ಮಂಚದ ಕೆಳಗೆ ಇಟ್ಟು, ನುಬ್ರಾ ಕಣಿವೆ ಕಡೆ ಸುತ್ತಿ ಬಂದೆ. ಮನಾಲಿಯಿಂದ ತುಳಿದುಕೊಂಡು ಬರುವವರಿಗೆ ಈ ಅನುಕೂಲ ಇಲ್ಲ, ಅವರು ಲೇಹ್‌ನ ಬಾಡಿಗೆ ಸೈಕಲ್ ಅಂಗಡಿಗಳಲ್ಲಿ ಪೆಟ್ಟಿಗೆ ಕೇಳಿ ನೋಡಬೇಕು.

ವಾಪಸ್ ಹೊರಡುವ ಹಿಂದಿನ ದಿನ ತೂಗಿದರೆ 15.4! ಸಾಮಾನು ಅದೇ, ತೂಕ ಮಾತ್ರ ಹೇಗೆ ಏರಿತು? ಬ್ರೇಕು, ಚೈನು, ಟೈರಿನ ಸಂದಿಯಲ್ಲೆಲ್ಲ ಮಣ್ಣು. ಪೂರ್ತಿ ತೊಳೆದು, ಟ್ಯೂಬ್, ಪಂಪನ್ನು ಕೈಚೀಲಕ್ಕೆ ಹಾಕಿದ ಮೇಲೆ 14.8ಕ್ಕೆ ಇಳಿಯಿತು. ನೇತು ಹಾಕುವ ಸಣ್ಣ ತಕ್ಕಡಿ 400 ರೂಪಾಯಿಗೆ ಸಿಗುತ್ತದೆ, ಅದಿಲ್ಲದೆ ಹೊರಡಬೇಡಿ.

2023ರಲ್ಲಿ ಫ್ರಾನ್ಸಿನ ದೂರದ ಸೈಕಲ್ ಸವಾರಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋದವರ ಲೆಕ್ಕ ಬೇರೆ. ಹೊರದೇಶದ ಟಿಕೆಟ್ಟಿನಲ್ಲಿ ಎಷ್ಟೋ ಕಡೆ 23 ಕಿಲೋ ತೂಗುವ ಒಂದು ಲಗೇಜ್ ಒಯ್ಯಲು ಸಿಗುತ್ತದೆ, ಆಗ ಇಷ್ಟು ಹೆಣಗಾಟ ಬೇಡ. ಈ ವಿಧಾನ ನಮ್ಮ 15 ಕಿಲೋಗೆ ಅಂತಲೇ ಮಾಡಿದ್ದು.

ಈಗ ರಟ್ಟಿನ ಬದಲು ಬೋರ್ಡ್ ಬರೆಯುವವರು ಉಪಯೋಗಿಸುವ ಟೊಳ್ಳು ಪ್ಲಾಸ್ಟಿಕ್ ಶೀಟು ತಂದಿದ್ದೇನೆ. ಮಳೆಗೆ ನೆನೆಯೋದಿಲ್ಲ, ಇನ್ನೂ ಕಾಲು ಕಿಲೋ ಹಗುರ. ಮಡಚುವ ಜಾಗದಲ್ಲಿ ಸೀಳು ಬಿಡುತ್ತಿದೆ, ಅದೊಂದು ಸರಿಹೋದರೆ ಮುಂದಿನ ಸಲ ಗುವಾಹಟಿಗೆ ಅದರಲ್ಲೇ ಕಳಿಸುತ್ತೇನೆ.